ಮಾರಲಾಗದ ಜಮೀನಿಗೆ ಬ್ರಿಟನ್ನಿನ ತೆರಿಗೆ

ಇವತ್ತಿನ ಸಂಚಿಕೆ ಸತ್ತವರ ಆಸ್ತಿಯ ಮೇಲಿನ ತೆರಿಗೆ ಬಗ್ಗೆ. ನಾನು ಬಿ.ಕಾಂ ಓದುವಾಗ ಇದಕ್ಕೆ ಸಿಕ್ಕಿದ್ದು ಒಂದೇ ಸಾಲು: ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲಿ ರದ್ದಾಯಿತು. ಆದರೆ ಬ್ರಿಟನ್ನಿನಲ್ಲಿ ನೆಲೆಸಿ, ಊರಲ್ಲಿ ಜಮೀನು ಉಳಿಸಿಕೊಂಡಿರುವ ಕನ್ನಡಿಗರಿಗೆ ಈ ಕಥೆ ಇನ್ನೂ ಮುಗಿದಿಲ್ಲ.

ಶುರುವಿನಿಂದ ನೋಡೋಣ. 1894ರಲ್ಲಿ ಹಣಕಾಸು ಸಚಿವ ವಿಲಿಯಂ ಹಾರ್ಕೋರ್ಟ್ ಬ್ರಿಟನ್ನಿನಲ್ಲಿ ಎಸ್ಟೇಟ್ ಡ್ಯೂಟಿ ತಂದರು. ಆಗ ಹೊರದೇಶದ ಜಮೀನು, ಮನೆಗಳಿಗೆ ವಿನಾಯಿತಿ ಇತ್ತು. ಸ್ಥಿರಾಸ್ತಿ ಯಾವ ದೇಶದಲ್ಲಿದೆಯೋ ಅದರ ಮೇಲೆ ಆ ದೇಶದ್ದೇ ಕಾನೂನು ಅನ್ನೋದು ಹಳೆಯ ತತ್ವ. 1953ರ ಭಾರತದ ಕಾಯ್ದೆಯೂ ಹೊರದೇಶದ ಸ್ಥಿರಾಸ್ತಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಶ್ರೀಮಂತರಿಗೆ ಇದರಲ್ಲಿ ಒಂದು ದಾರಿ ಕಾಣಿಸಿತು. ಹೊರದೇಶದಲ್ಲಿ ಜಮೀನು ಕೊಂಡುಬಿಟ್ಟರೆ ಅಷ್ಟು ಹಣಕ್ಕೆ ಡ್ಯೂಟಿ ಇಲ್ಲ! 1962ರಲ್ಲಿ ಬ್ರಿಟನ್ ಆ ವಿನಾಯಿತಿಯನ್ನೇ ತೆಗೆದುಹಾಕಿತು. ದೊಡ್ಡ ಮೀನಿಗೆ ಬೀಸಿದ ಬಲೆ ಅದು. ಆದರೆ ಊರ ಜಮೀನು ಬಿಡದೆ ವಲಸೆ ಹೋದವರೂ ಅದರೊಳಗೇ ಬಂದರು.

ಈಗ ಅದರ ಹೆಸರು ಇನ್‌ಹೆರಿಟೆನ್ಸ್ ಟ್ಯಾಕ್ಸ್. ಸಾಮಾನ್ಯವಾಗಿ 3,25,000 ಪೌಂಡ್ ದಾಟಿದ ಭಾಗಕ್ಕೆ 40%. ಅಲ್ಲಿನ ಮನೆಯೊಂದೇ ಆ ಮಿತಿಯನ್ನು ತುಂಬಿಬಿಟ್ಟಿದೆ ಅಂದ್ಕೊಳ್ಳಿ. ಆಗ ಊರಲ್ಲಿರುವ 1 ಕೋಟಿಯ ಜಮೀನಿಗೆ 40 ಲಕ್ಷ ತೆರಿಗೆ.

ಜಮೀನು ಮಾರಿ ಕಟ್ಟಬಹುದಲ್ವಾ ಅಂತೀರಾ? ಮೊದಲು ಪೌತಿ ಖಾತೆ ಆಗಬೇಕು. ದಾಯಾದಿಗಳ ನಡುವೆ ಪಾಲಾಗಿರಬೇಕು. ಕೋರ್ಟಲ್ಲಿ ಕೇಸು ಇರಬಾರದು. ಮಕ್ಕಳು ಬ್ರಿಟಿಷ್ ಪ್ರಜೆಗಳಾಗಿದ್ದರೆ, ಪಿತ್ರಾರ್ಜಿತವಾಗಿ ಬಂದ ಕೃಷಿ ಜಮೀನನ್ನು ಭಾರತದಲ್ಲೇ ವಾಸಿಸುವ ಭಾರತೀಯ ನಾಗರಿಕರಿಗೆ ಮಾತ್ರ ಮಾರಬಹುದು. ಅತ್ತ ತೆರಿಗೆಯ ಗಡುವು ಸಾವಾದ ತಿಂಗಳು ಮುಗಿದ ಮೇಲೆ 6 ತಿಂಗಳು. ಜಮೀನಿನ ಪಾಲಿನ ತೆರಿಗೆಯನ್ನು 10 ವಾರ್ಷಿಕ ಕಂತುಗಳಲ್ಲಿ ಕಟ್ಟಬಹುದು, ಆದರೆ ಬಡ್ಡಿ ಇದೆ. ಕಾನೂನು ನೋಡೋದು ಮಾರುಕಟ್ಟೆ ಬೆಲೆಯನ್ನು. ಕೊಳ್ಳುವವರು ಎದುರಿಗೇ ನಿಂತಿದ್ದಾರೆ ಎಂದು ಊಹಿಸಿಕೊಂಡು ಲೆಕ್ಕ ಹಾಕುತ್ತದೆ.

ಒಂದು ರಿಯಾಯಿತಿ ಇದೆ, ಹೆಸರು ಎಫ್6. ವಿದೇಶಿ ಸರ್ಕಾರದ ನಿರ್ಬಂಧದಿಂದಾಗಿ ಹಣವನ್ನು ಬ್ರಿಟನ್ನಿಗೆ ತರಲು ಆಗದಿದ್ದರೆ, ತರುವವರೆಗೆ ತೆರಿಗೆ ಮುಂದೂಡಬಹುದು. ಕೊನೆಗೆ ಬಂದ ಹಣ ತೆರಿಗೆಗಿಂತ ಕಡಿಮೆಯಾದರೆ ಉಳಿದದ್ದು ಮನ್ನಾ. ಆದರೆ ಗಮನಿಸಿ, ಇದು ಸರ್ಕಾರ ತಡೆದಾಗ ಮಾತ್ರ. ಚಿಕ್ಕಪ್ಪ ಸಹಿ ಹಾಕದೆ ತಡೆದರೆ ಇದು ಕೆಲಸಕ್ಕೆ ಬರಲ್ಲ.

ಇನ್ನೊಂದು ರಕ್ಷಣೆ ನಮ್ಮ ಹಳೆಯ ಎಸ್ಟೇಟ್ ಡ್ಯೂಟಿಯಿಂದಲೇ ಬಂದದ್ದು. ಒಂದೇ ಆಸ್ತಿಗೆ ಎರಡು ಕಡೆ ಡ್ಯೂಟಿ ಬೀಳದಿರಲಿ ಎಂದು 1956ರಲ್ಲಿ ಭಾರತ, ಬ್ರಿಟನ್ ಒಪ್ಪಂದ ಮಾಡಿಕೊಂಡವು. ಭಾರತದಲ್ಲಿ ಡ್ಯೂಟಿ ಒಂದು ಹಂತದಲ್ಲಿ 85%ವರೆಗೂ ಹೋಯಿತು. ಆದರೂ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 20 ಕೋಟಿ ರೂಪಾಯಿ, ವಸೂಲಿ ಖರ್ಚು ಜಾಸ್ತಿ ಎಂದು ವಿ.ಪಿ. ಸಿಂಗ್ 1985ರ ಬಜೆಟ್‌ನಲ್ಲಿ ಅದನ್ನು ಕೈಬಿಟ್ಟರು. ತೆರಿಗೆ ಹೋಯಿತು, ಒಪ್ಪಂದ ಉಳಿಯಿತು.

ತೀರಿಕೊಂಡವರ ಡೊಮಿಸೈಲ್, ಅಂದರೆ ಶಾಶ್ವತ ನೆಲೆ, ಭಾರತವೇ ಆಗಿದ್ದು, ಆಸ್ತಿ ಬ್ರಿಟನ್ ಕಾನೂನಿನ ವಿಲ್ ಮೂಲಕ ಹೋಗದಿದ್ದರೆ, ಬ್ರಿಟನ್ ಇಲ್ಲಿನ ಜಮೀನಿಗೆ ತೆರಿಗೆ ಹಾಕುವಂತಿಲ್ಲ. 2025ರ ಏಪ್ರಿಲ್ 6ರಿಂದ, ಕಳೆದ 20 ವರ್ಷಗಳಲ್ಲಿ 10 ವರ್ಷ ಬ್ರಿಟನ್ನಿನಲ್ಲಿ ವಾಸವಿದ್ದವರ ಜಗತ್ತಿನ ಎಲ್ಲ ಆಸ್ತಿಯೂ ತೆರಿಗೆ ವ್ಯಾಪ್ತಿಗೆ ಬಂದಿದೆ. ಹಾಗಾಗಿ ಈ ಹಳೆಯ ಕಾಗದಕ್ಕೆ ಈಗಲೇ ಬೆಲೆ ಹೆಚ್ಚು.

ನಿಮ್ಮ ದೊಡ್ಡಪ್ಪನೋ ಅತ್ತೆಯೋ ಅಲ್ಲಿದ್ದರೆ ಮೂರು ಪ್ರಶ್ನೆ ಕೇಳಿ. ಪಹಣಿ ಯಾರ ಹೆಸರಲ್ಲಿದೆ? ಪಾಲು ಆಗಿದೆಯಾ? ವಿಲ್ ಯಾವ ದೇಶದ ಕಾನೂನಿನಡಿ ಬರೆದಿದ್ದಾರೆ? ಈ ಮೂರಕ್ಕೂ ಉತ್ತರ ಕೊಡಬಲ್ಲವರು ಇರುವಾಗಲೇ ಕೇಳಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.