ಹರಿಗೋಲಿನಿಂದ ಇಳಿದ ಅಜ್ಜಿ

ಕೊಟ್ಟೂರಿನವರಾದ ನಮಗೆ ಹೊಳೆಯ ಒಡನಾಟ ಕಡಿಮೆ. ಊರಿಗೆ ಕೆರೆಯುಂಟು, ಕೊಟ್ಟೂರೇಶ್ವರನ ತೇರುಂಟು, ಮಂಡಕ್ಕಿ-ಮಿರ್ಚಿಯ ಹೆಸರುಂಟು. ಹೊಳೆ ಮಾತ್ರ ಇಲ್ಲ. ತುಂಗಭದ್ರೆಯನ್ನು ಕಾಣಬೇಕಾದರೆ ಹಡಗಲಿಯ ಕಡೆಗೋ ಹೊಸಪೇಟೆಯ ಕಡೆಗೋ ಹೋಗಬೇಕು. ಇಂಥ ಊರಿನ ನಮ್ಮ ಮನೆಯಲ್ಲಿ ಒಂದು ದೀಪಾವಳಿಯ ದಿನ ಸೊಸೆ ಹೋಳಿಗೆ ತಟ್ಟುತ್ತಲೇ, "ಅತ್ತೀ, ಡಿಸೆಂಬರ್ ರಜಾಕ್ಕ ದಾಂಡೇಲಿಗೆ ಹೋಗೋಣು. ಅಲ್ಲಿ ಕಾಳಿ ಹೊಳ್ಯಾಗ ರಾಫ್ಟಿಂಗ್ ಐತಿ. ನೀವೂ ಬರಬೇಕು" ಎಂದಳು. ಮೊಮ್ಮಗಳಂತೂ ಆಗಲೇ ಕುಣಿಯುತ್ತಿದ್ದಳು. ರಬ್ಬರಿನ ದೋಣಿಯಲ್ಲಿ ಕುಳಿತು, ಬಂಡೆಗಳ ನಡುವೆ ನೊರೆಯೆದ್ದು ಧುಮುಕುವ ನೀರಿನಲ್ಲಿ ಇಳಿದು ಹೋಗುವ ಆಟವಂತೆ ಅದು. ನನಗೆ ಮಾತ್ರ ಆ ಕ್ಷಣಕ್ಕೆ ನೆನಪಾದವಳು ನನ್ನ ಅಜ್ಜಿ.

ಅಜ್ಜಿಯ ತವರು ಹೊಳೆಯಾಚೆ, ಮುಂಡರಗಿ ಸೀಮೆ. ಸೇತುವೆಗಳಿಲ್ಲದ ಕಾಲ. ತವರಿಗೆ ಹೋಗುವುದೆಂದರೆ ಹಡಗಲಿಯ ಕಡೆಯ ಹೊಳೆದಂಡೆಗೆ ಚಕ್ಕಡಿಯಲ್ಲಿ ಹೋಗಿ, ಅಲ್ಲಿಂದ ಹರಿಗೋಲು ಹತ್ತುವುದು. ತಮ್ಮನ ಮದುವೆಗೆಂದು ಹೊರಟ ದಿನ ಹೊಳೆ ತುಂಬಿತ್ತು. ಹರಿಗೋಲಿನಲ್ಲಿ ಕುಳಿತ ಅಜ್ಜಿ ತಲೆಗಳನ್ನು ಎಣಿಸಿದಳಂತೆ. ಮಂದಿ ಇನ್ನೂ ಹತ್ತುತ್ತಲೇ ಇದ್ದರು. "ಇಷ್ಟು ಮಂದಿ ಆದ್ರ ನಾ ಬರಂಗಿಲ್ಲಪ್ಪ" ಎಂದು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಇಳಿದೇಬಿಟ್ಟಳು. ಎಲ್ಲರೂ ನಕ್ಕರು. ಆ ಹರಿಗೋಲು ಸುಖವಾಗಿ ಆಚೆ ದಡ ಮುಟ್ಟಿತು. ಅಜ್ಜಿಗೆ ತಮ್ಮನ ಅರಿಶಿನ ತಪ್ಪಿತು, ಅಕ್ಷತೆಯೂ ತಪ್ಪಿತು. ತವರಿನವರು ಎಷ್ಟೋ ವರ್ಷ ಆಡಿಕೊಂಡರು. ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: "ಮುಟ್ಟಿದ್ದು ಅವರ ಪುಣ್ಯ, ಇಳಿದಿದ್ದು ನನ್ನ ಬುದ್ಧಿ." ಆ ಕಂಕುಳ ಕೂಸೇ ನನ್ನ ಅವ್ವ.

ನಮ್ಮ ಸೀಮೆಯ ಹರಿಗೋಲು ಬಹಳ ಹಳೆಯದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗೆ ಹೆಣೆದು ಹೊರಗೆ ಚರ್ಮ ಹೊದಿಸಿದ ಈ ದೋಣಿಯಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಯುತ್ತಿದ್ದರಂತೆ. ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. ಹುಟ್ಟು ಹಾಕಿದಂತೆಲ್ಲ ಅದು ನೆಟ್ಟಗೆ ಹೋಗದೆ ಗಿರಗಿರನೆ ತಿರುಗುತ್ತಲೇ ಸಾಗುವುದನ್ನೂ ಅವನು ಮರೆಯದೆ ಬರೆದಿದ್ದಾನೆ. ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಈ ಬರಹದ ಇಂಗ್ಲಿಷ್ ಅನುವಾದವಿದೆ. ಮುಂದೆ ಚರ್ಮ ಹೋಗಿ ಟಾರು ಬಳಿದ ಚೀಲದ ಹೊದಿಕೆ ಬಂತು. ಬಿದಿರಿನ ಹೆಣಿಗೆಯೂ ತಿರುಗುವ ಚಾಳಿಯೂ ಹಾಗೆಯೇ ಉಳಿದವು.

ಅರಸನಾಗಲಿ ಆಳಾಗಲಿ, ಹರಿಗೋಲಿನಲ್ಲಿ ಕುಳಿತ ಮೇಲೆ ಎಲ್ಲರೂ ಒಬ್ಬನ ಮಾತು ಕೇಳಬೇಕು. ಅವನೇ ಅಂಬಿಗ. ಎಲ್ಲಿ ಸುಳಿ, ಎಲ್ಲಿ ಮಡು, ಯಾವ ಬಂಡೆ ನೀರಿನೊಳಗೆ ಅಡಗಿದೆ ಎಂಬುದು ಅವನಿಗೆ ಗೊತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ನಿಷ್ಠುರ ಮಾತಿಗೆ ಹೆಸರಾದ ಚೌಡಯ್ಯನೂ ಅಂಬಿಗನೇ. ಇದೇ ತುಂಗಭದ್ರೆಯ ದಡದ ಚೌಡಯ್ಯದಾನಪುರ ಇಂದಿಗೂ ಅವನ ಹೆಸರು ಹೊತ್ತಿದೆ. ದೋಣಿ ನಡೆಸುವವನು ಮುಲಾಜಿಗೆ ಬೀಳಬಾರದು, ಮುಖ ನೋಡಿ ಮಣೆ ಹಾಕಬಾರದು. ಬಹುಶಃ ಆ ಕಸುಬೇ ಅವನಿಗೆ ಆ ನಿಷ್ಠುರತೆಯನ್ನು ಕಲಿಸಿರಬೇಕು ಎಂದು ನನಗೆ ಅನಿಸುವುದುಂಟು.

ಆಮೇಲೆ ಹೊಳೆಯೇ ಬದಲಾಯಿತು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟು 1953ರ ಹೊತ್ತಿಗೆ ಎದ್ದು ನಿಂತಿತು. ನಾರಾಯಣದೇವರಕೆರೆಯಂಥ ಊರು ನೀರಿನಲ್ಲಿ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಒಂದೊಂದಾಗಿ ಸೇತುವೆಗಳು ಬಂದವು. ಅಂಬಿಗರ ಕೆಲಸ ಹೋಯಿತು. ಹಂಪಿ-ಆನೆಗೊಂದಿಯ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿದ್ದಾಗ, ಅಲ್ಲಿಯ ಹೆಣ್ಣುಮಕ್ಕಳಿಗೆ ಮತ್ತೆ ಗತಿಯಾದದ್ದು ದೋಣಿ ಹರಿಗೋಲುಗಳೇ.

ದಾಂಡೇಲಿಯ ಕಥೆಯನ್ನು ವಿಚಾರಿಸುತ್ತ ಹೋದರೆ ಅಲ್ಲಿಯೂ ಇದೇ ಕಥೆ ಎದುರಾಯಿತು. ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟುವ ಕಾಳಿ ನದಿ ಕಾರವಾರದ ಬಳಿ ಸಮುದ್ರ ಸೇರುತ್ತದೆ. ಗಣೇಶಗುಡಿಯಲ್ಲಿ ಅದಕ್ಕೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. 1980ರ ದಶಕದಲ್ಲಿ ಅದು ತುಂಬಿಕೊಂಡಾಗ ಹಳೆಯ ಸೂಪಾ ಊರು ಮುಳುಗಿತು. ಅಲ್ಲಿಂದ ಎದ್ದ ಅನೇಕರು ರಾಮನಗರದಲ್ಲಿ ನೆಲೆಸಿದರು. ಇಂದು ನಾವು ಕೇಕೆ ಹಾಕುತ್ತ ಇಳಿಯುವ ನೊರೆನೀರು, ಸೂಪಾದ ವಿದ್ಯುದಾಗಾರ ಯಂತ್ರ ತಿರುಗಿಸಿ ಹೊರಬಿಟ್ಟ ನೀರು. ಕರೆಂಟು ಉತ್ಪಾದನೆ ನಿಂತರೆ ಹೊಳೆಯೂ ಇಳಿಯುತ್ತದೆ, ಆಟವೂ ನಿಲ್ಲುತ್ತದೆ. ಅದಕ್ಕೇ ಹೊರಡುವ ಮುನ್ನ ಅಂದು ನೀರು ಬಿಡುತ್ತಾರೆಯೇ ಎಂದು ಕೇಳಿಕೊಳ್ಳಬೇಕು. ಮಳೆಗಾಲದಲ್ಲಿ ಹೊಳೆ ಉಕ್ಕಿ ಹರಿಯುವಾಗ ಅಲ್ಲಿಗೆ ಹೋಗುವ ಮಾತೇ ಬೇಡ. ಕೊಡಗಿನ ಬರಪೊಳೆಯದು ಇದಕ್ಕೆ ತಿರುವುಮುರುವು. ಅದಕ್ಕೆ ಮಳೆಯೇ ಆಧಾರ, ಮಳೆಗಾಲವೇ ಅದರ ಹಂಗಾಮು.

ರಬ್ಬರ್ ದೋಣಿಯೂ ನಿನ್ನೆ ಮೊನ್ನೆಯದಲ್ಲ. 1842ರಲ್ಲಿ ಅಮೆರಿಕದ ಭೂಶೋಧಕ ಜಾನ್ ಫ್ರೀಮಾಂಟ್ ಪ್ಲಾಟ್ ನದಿಯಲ್ಲಿ ಅಂಥದೊಂದನ್ನು ಇಳಿಸಿ, ಅದು ಮಗುಚಿ, ಸಾಮಾನುಗಳನ್ನು ಕಳೆದುಕೊಂಡ. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದಲ್ಲಿ ಉಳಿದ ರಬ್ಬರ್ ದೋಣಿಗಳು ಅಲ್ಲಿಯ ಜನರ ಕೈಗೆ ಬಂದವು. ಈ ಆಟ ಬೆಳೆದದ್ದು ಆಮೇಲೆ. ನೀರಿನ ರಭಸವನ್ನು ಒಂದರಿಂದ ಆರರವರೆಗೆ ದರ್ಜೆ ಹಾಕಿ ಅಳೆಯುತ್ತಾರೆ. ಒಂದೆಂದರೆ ಮಂದವಾಗಿ ಹರಿಯುವ ನೀರು. ಆರೆಂದರೆ ಜೀವಕ್ಕೇ ಸಂಚಕಾರ. ಗಣೇಶಗುಡಿಯ ಕೆಳಗಿನದು ಸಾಮಾನ್ಯವಾಗಿ ಎರಡು-ಮೂರರ ದರ್ಜೆಯದು.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ಫೋನು ನಾನೇ ಹಿಡಿದೆ. ಮಗ ಆಗಲೇ ಒಬ್ಬರಿಗೆ ಮುಂಗಡ ಕೊಟ್ಟಿದ್ದ. ಒಂದು ದೋಣಿಗೆ ಎಷ್ಟು ಮಂದಿ ಎಂದು ಕೇಳಿದೆ. "ಎಷ್ಟಿದ್ರೂ ಅಡ್ಜಸ್ಟ್ ಮಾಡ್ತೀವಿ ಮೇಡಂ" ಎಂದರು. ನನಗೆ ಮೈ ಜುಮ್ಮೆಂದಿತು. "ಹಂಗಾದ್ರ ನಾವು ಬರಂಗಿಲ್ಲ" ಎಂದೆ. ಮುಂಗಡ ಹೋಯಿತು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ, ಮೊಮ್ಮಗಳು ಅತ್ತಳು. ಮನೆಯಲ್ಲಿ ನಾನೇ ಕೆಟ್ಟವಳಾದೆ.

ಇನ್ನೊಬ್ಬರನ್ನು ಹುಡುಕಿ ಕೇಳಿದೆವು. ಎಂಟು ಮಂದಿ, ಹಿಂದೆ ಒಬ್ಬ ಗೈಡು, ಜೊತೆಗೆ ರಕ್ಷಣೆಗೆಂದು ಸಣ್ಣ ದೋಣಿಯಲ್ಲಿ ಇನ್ನೊಬ್ಬ ಎಂದರು. ಈಜು ಬಾರದವರು ಮೊದಲೇ ಹೇಳಬೇಕು. ಜಾಕೆಟ್ಟಿನ ಪಟ್ಟಿ ಬಿಗಿಯಾಗಿರಬೇಕು, ಹೆಲ್ಮೆಟ್ ತೆಗೆಯಬಾರದು. ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗದೆ, ಅಂಗಾತ ಮಲಗಿ ಕಾಲುಗಳನ್ನು ಹೊಳೆ ಹರಿಯುವ ದಿಕ್ಕಿಗೆ ಚಾಚಬೇಕು. ನಿಂತರೆ ಬಂಡೆಗಳ ಸಂದಿಯಲ್ಲಿ ಪಾದ ಸಿಕ್ಕಿಬೀಳುತ್ತದೆ. ಸೀರೆ ಬೇಡವೇ ಬೇಡ. ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಓಲೆ, ಗಾಜಿನ ಬಳೆ ಬಿಚ್ಚಿಡಬೇಕು, ಕನ್ನಡಕಕ್ಕೆ ದಾರ ಕಟ್ಟಬೇಕು. ಕೇಳಿದ ಪ್ರಶ್ನೆಗೆ ಬೇಸರವಿಲ್ಲದೆ ಉತ್ತರ ಕೊಟ್ಟ ಆ ದನಿಯಲ್ಲಿ ನನಗೆ ಹಳೆಯ ಅಂಬಿಗನ ಗುರುತು ಸಿಕ್ಕಿತು.

ನಮ್ಮ ಅಜ್ಜಿಯರಿಗೆ ಹೊಳೆ ಆಟವಾಗಿರಲಿಲ್ಲ. ಬಾಣಂತನಕ್ಕೆ, ಮದುವೆಗೆ, ಮಣ್ಣಿಗೆ ಅವರು ಅದನ್ನು ದಾಟಲೇಬೇಕಿತ್ತು. ಈಜು ಗೊತ್ತಿರಲಿಲ್ಲ, ಜಾಕೆಟ್ಟಿರಲಿಲ್ಲ. ಅವರ ಕೈಯಲ್ಲಿದ್ದುದು ಎಣಿಸುವುದು, ಕೇಳುವುದು, ಬೇಡವೆನಿಸಿದರೆ ಇಳಿಯುವುದು, ಇಷ್ಟೇ. ಅಷ್ಟಕ್ಕೂ ಧೈರ್ಯ ಬೇಕಿತ್ತು. ನಾಲ್ಕು ಜನ ನಗುವಾಗ ದೋಣಿಯಿಂದ ಇಳಿಯುವುದು ಹತ್ತುವುದಕ್ಕಿಂತ ಕಷ್ಟ.

ಡಿಸೆಂಬರಿನಲ್ಲಿ ಹೊಸಪೇಟೆ, ಹುಬ್ಬಳ್ಳಿ, ಧಾರವಾಡ, ಹಳಿಯಾಳ ದಾಟಿ ದಾಂಡೇಲಿ ಸೇರಿ, ಮಾರನೆಯ ಬೆಳಿಗ್ಗೆ ಗಣೇಶಗುಡಿಯ ದಡದಲ್ಲಿ ನಿಂತೆವು. ಸೊಸೆಯ ಚೂಡಿದಾರ ತೊಟ್ಟು, ಜಾಕೆಟ್ಟಿನೊಳಗೆ ಉಬ್ಬಿಕೊಂಡ ನನ್ನನ್ನು ನೋಡಿ ಮಗನಿಗೂ ನಗು ಬಂತು. ಎಲ್ಲರೂ ಹತ್ತಿ ಕುಳಿತರು. ನನ್ನ ಕಾಲು ದಡದಲ್ಲೇ ಅಂಟಿಕೊಂಡಿತ್ತು. ಆಗ ಮೊಮ್ಮಗಳು ಒಂದೊಂದೇ ತಲೆಯತ್ತ ಬೆರಳು ತೋರಿಸುತ್ತ ಎಣಿಸಿ, ಗಟ್ಟಿಯಾಗಿ ಕೂಗಿದಳು:

"ಅಜ್ಜೀ, ನಿನ್ನೂ ಸೇರಿ ಎಂಟೇ ಮಂದಿ! ಬಾ!"

ನಾನು ಹತ್ತಿದೆ.