ಎಡೆದೊರೆ ನಾಡಿಗೆ ಬಂದ ಶಿಲುಬೆ ಯುದ್ಧ

ಯುರೋಪಿನ ಶಿಲುಬೆ ಯುದ್ಧಗಳ ಕೊನೆಯ ಅಲೆಯೊಂದು 1510ರಲ್ಲಿ ಗೋವೆಗೆ ಅಪ್ಪಳಿಸಿ, ಹತ್ತು ವರ್ಷಗಳಲ್ಲಿ ಕೃಷ್ಣಾ-ತುಂಗಭದ್ರೆಯರ ನಡುವಿನ ಎಡೆದೊರೆ ನಾಡನ್ನು, ಅಂದರೆ ಇಂದಿನ ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಸೀಮೆಯನ್ನು ಮುಟ್ಟಿತು. 1095ರಲ್ಲಿ ಪೋಪ್ ಎರಡನೆಯ ಅರ್ಬನ್ ಕೊಟ್ಟ ಕರೆಯಿಂದ ಮೊದಲಾದ ಆ ಯುದ್ಧಗಳು 1291ರಲ್ಲಿ ಆಕ್ರೆ ಕೋಟೆಯ ಪತನದೊಂದಿಗೆ ಮುಗಿದವೆಂದು ಹೇಳುವುದು ವಾಡಿಕೆ. ಪೋರ್ಚುಗಲ್ಲಿನ ಮಟ್ಟಿಗೆ ಅದು ಸರಿಯಲ್ಲ. ಅಲ್ಲಿ ಟೆಂಪ್ಲರ್ ಯೋಧಪಂಥದ ಆಸ್ತಿಪಾಸ್ತಿಯು 1319ರಲ್ಲಿ ಸ್ಥಾಪನೆಯಾದ ಕ್ರಿಸ್ತಪಂಥಕ್ಕೆ ಸೇರಿತು. ಮುಂದೆ ಅದೇ ಪಂಥದ ಕೆಂಪು ಶಿಲುಬೆ ಭಾರತದತ್ತ ಹೊರಟ ಹಡಗುಗಳ ಹಾಯಿಯ ಮೇಲೆ ಕಾಣಿಸಿಕೊಂಡಿತು.

ಗೋವೆ ಆಗ ಬಿಜಾಪುರದ ಆದಿಲ್‌ಶಾಹಿಗಳದು. 1510ರ ಆರಂಭದಲ್ಲಿ ಪೋರ್ಚುಗೀಸರ ನಾಯಕ ಅಲ್ಬುಕರ್ಕ್ ಅದನ್ನು ಹಿಡಿದು ಕೆಲವೇ ತಿಂಗಳಲ್ಲಿ ಕಳೆದುಕೊಂಡ. ನವೆಂಬರ್ 25ರಂದು ಮತ್ತೆ ಗೆದ್ದ. ಗೆದ್ದ ಮೇಲೆ ಊರಿನ ಮುಸ್ಲಿಮರ ಕಗ್ಗೊಲೆ ನಡೆಯಿತು. ಅವನಿಗೆ ಗೋವೆಯ ದಾರಿ ತೋರಿದವನು ಹೊನ್ನಾವರ ಕಡೆಯ ನೌಕಾನಾಯಕ ತಿಮ್ಮಯ್ಯ. ಕೊಲೆಯ ಹಿಂದೆ ಧರ್ಮದ್ವೇಷವಿತ್ತು, ನಿಜ. ಆದರೆ ಗೋವೆಯ ನಿಜವಾದ ಬೆಲೆ ಇದ್ದದ್ದು ಕುದುರೆಯಲ್ಲಿ. ಅರಬ್ ಮತ್ತು ಪರ್ಷಿಯಾದ ಕುದುರೆಗಳು ಹೊರ್ಮುಜ್ ಮೂಲಕ ಇಳಿಯುತ್ತಿದ್ದ ಬಂದರು ಅದು. ಬಂದರು ಯಾರದೋ, ದಖ್ಖನ್ನಿನ ಅಶ್ವಬಲದ ಕೀಲಿಕೈ ಅವರದು.

ಎಡೆದೊರೆಗೆ ಯುದ್ಧ ಹೊಸದಾಗಿರಲಿಲ್ಲ. ರಾಜೇಂದ್ರ ಚೋಳನು ಚಾಲುಕ್ಯ ಜಯಸಿಂಹನನ್ನು ಎದುರಿಸಿದ ಮುಶಂಗಿಯನ್ನು ಹಲವು ವಿದ್ವಾಂಸರು ಮಸ್ಕಿಯೆಂದು ಗುರುತಿಸಿದ್ದಾರೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ಅದಕ್ಕೂ ವಿಜಯನಗರಕ್ಕೂ ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ತಲೆಮಾರುಗಟ್ಟಲೆ ಕಾದಾಟ ನಡೆಯಿತು. ಜೋಳ ಬೆಳೆಯುವ ಎರೆಭೂಮಿ, ಹಟ್ಟಿ ಸುತ್ತಿನ ಚಿನ್ನದ ನೆಲ, ಎರಡು ಹೊಳೆಗಳ ಕಡವುಗಳು: ಇಷ್ಟೇ ಸಾಕಿತ್ತು ಜಗಳಕ್ಕೆ.

1520ರ ರಾಯಚೂರು ಯುದ್ಧದ ಕಾರಣವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟಿದ್ದಾನೆ. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ವಿಜಯನಗರದ ಅರಸ ಕೃಷ್ಣದೇವರಾಯನು ಒಬ್ಬ ಮುಸ್ಲಿಂ ವರ್ತಕನ ಕೈಗೆ 40,000 ಪರ್ದಾವು (ಚಿನ್ನದ ನಾಣ್ಯ) ಕೊಟ್ಟು ಕಳಿಸಿದ; ವರ್ತಕ ಹಣದ ಸಮೇತ ಆದಿಲ್‌ಶಾಹನ ಆಶ್ರಯ ಸೇರಿದ. ನೆಪಕ್ಕೆ ಅದು, ಬೇಕಾಗಿದ್ದದ್ದು ರಾಯಚೂರು. ಇಸ್ಮಾಯಿಲ್ ಆದಿಲ್‌ಶಾಹ ಕೃಷ್ಣೆ ದಾಟಿ ಬಂದು ಬಯಲಿನಲ್ಲಿ ಸೋತುಹೋದ ಮೇಲೂ ಕೋಟೆ ಬಗ್ಗಲಿಲ್ಲ. ಅದರ ಒಳಗೋಡೆ 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ್ದು. ಸುಮಾರು 41 ಅಡಿ ಉದ್ದದ ಶಾಸನದ ಕಲ್ಲನ್ನು ಕೋಣಗಳ ಬಂಡಿಯಲ್ಲಿ ಎಳೆದು ತರುವ ಚಿತ್ರ ಆ ಗೋಡೆಯಲ್ಲೇ ಕೆತ್ತಿದೆ. ರಾಯನ ಆಳುಗಳು ಹಾರೆ, ಗುದ್ದಲಿ ಹಿಡಿದು ಕಲ್ಲು ಕೀಳತೊಡಗಿದರು. ಕಿತ್ತ ಒಂದೊಂದು ಕಲ್ಲಿಗೂ ಗಾತ್ರ ನೋಡಿ 10ರಿಂದ 50 ಹಣದವರೆಗೆ ದಂಡನಾಯಕರು ಕೊಡುತ್ತಿದ್ದರಂತೆ. ಮೇಲಿನಿಂದ ಬೀಳುವ ಕಲ್ಲಿಗೂ ಬಾಣಕ್ಕೂ ಸತ್ತವರಿಗೆ ಲೆಕ್ಕವಿರಲಿಲ್ಲ. ಆ ಹೊತ್ತಿಗೆ ಬಂದವನು ಕ್ರಿಸ್ತೊವಾವ್ ದ ಫಿಗೇರೆದು, ಕುದುರೆ ಮಾರಲು ಬಂದ ಪೋರ್ಚುಗೀಸ. ಜತೆಗೆ ಇಪ್ಪತ್ತು ಮಂದಿ ಕೋವಿಕಾರರು. ಅವರು ಗೋಡೆಯ ಮೇಲಿನವರನ್ನು ಗುರಿಯಿಟ್ಟು ಉರುಳಿಸಿದಂತೆ ಕೆಳಗೆ ಕಲ್ಲು ಕೀಳುವ ಕೆಲಸ ನಿರಾತಂಕವಾಯಿತು. ಇಣುಕಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ಬಿತ್ತು. ಕೋಟೆ ಶರಣಾಯಿತು.

ಕ್ರೈಸ್ತ ಕೋವಿ, ಹಿಂದೂ ಅರಸು, ಮುಸ್ಲಿಂ ಸುಲ್ತಾನ ಎಂದು ಇಲ್ಲಿ ಗೆರೆ ಎಳೆದರೆ ಚಿತ್ರ ಕೆಡುತ್ತದೆ. ಎರಡನೆಯ ದೇವರಾಯನ ಕಾಲದಿಂದಲೂ ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಸವಾರರಿದ್ದರು. ಅವರು ನಮಸ್ಕರಿಸಲು ಅಡ್ಡಿಯಾಗದಿರಲೆಂದು ಸಿಂಹಾಸನದ ಮುಂದೆ ಕುರಾನ್ ಇರಿಸುತ್ತಿದ್ದರೆಂದು ಇತಿಹಾಸಕಾರ ಫೆರಿಷ್ತಾ ಹೇಳುತ್ತಾನೆ. ಫಿಗೇರೆದುವಿಗೆ ಇಲ್ಲಿ ಬೇಕಿದ್ದದ್ದು ಕುದುರೆ ಕೊಳ್ಳುವ ದೊರೆಯ ಸ್ನೇಹ. ಎಡೆದೊರೆಯ ಯುದ್ಧವನ್ನು ಧರ್ಮಯುದ್ಧವೆನ್ನಲು ಹೊರಟವರು ಈ ಲೆಕ್ಕವನ್ನು ಮೊದಲು ಒಪ್ಪಿಸಬೇಕು.

ಹಳೆಯ ಹಗೆ ಕರಾವಳಿಯಲ್ಲಿ ಮಾತ್ರ ಆರಲಿಲ್ಲ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ನ್ಯಾಯಮಂಡಳಿ ನೆಲೆಗೊಂಡಿತು. ಕೊಂಕಣಿ ಮಾತಾಡುವ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ, ಕನ್ನಡ ಕರಾವಳಿಗೆ ಸರಿದವು. 1570ರಲ್ಲಿ ಅಲಿ ಆದಿಲ್‌ಶಾಹ ಗೋವೆಗೆ ಹಾಕಿದ ಮುತ್ತಿಗೆ ಫಲಿಸದೆ 1571ರಲ್ಲಿ ಒಪ್ಪಂದವಾಯಿತು. ಅದೇ ವರ್ಷ ಮೆಡಿಟರೇನಿಯನ್ನಿನ ಲೆಪಾಂಟೊದಲ್ಲಿ ಕ್ರೈಸ್ತ ನೌಕಾಪಡೆಗಳು ಆಟೊಮನ್ನರನ್ನು ಸೋಲಿಸಿದ್ದವು.

ಒಳನಾಡಿನಲ್ಲಿ ಉಳಿದದ್ದು ಬೇರೆಯೇ. ತಿಂಗಳ ಸಂಬಳಕ್ಕೆ ಪಗಾರ, ಬೀಗದ ಕೈಗೆ ಚಾವಿ ಎನ್ನುವಾಗ ಉತ್ತರ ಕರ್ನಾಟಕದ ಬಾಯಲ್ಲಿ ಪೋರ್ಚುಗೀಸ್ ನುಡಿಯಿದೆ. ರೊಟ್ಟಿಯ ಜತೆಗಿನ ಕೆಂಪು ಖಾರದ ಮೆಣಸಿನಕಾಯಿಯೂ ಪೋರ್ಚುಗೀಸರ ಹಡಗಿನಿಂದ ಇಳಿದದ್ದು. ಮುದಗಲ್ಲಿನ ಕ್ರೈಸ್ತ ಸಮುದಾಯ ತನ್ನ ಮೂಲವನ್ನು ಗೋವೆಯಿಂದ ಬಂದ ಪಾದ್ರಿಗಳಿಗೆ ಒಯ್ಯುತ್ತದೆ. ಗೋವೆಯ ಶತ್ರುವಾಗಿದ್ದ ಆದಿಲ್‌ಶಾಹಿಯ ಆಡಳಿತದಲ್ಲೇ ಅದು ಬೇರೂರಿತು. ಅದೇ ಊರಿನ ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಪೀರಲ ದೇವರಿಗೆ ಸಕ್ಕರೆ ಓದಿಸುವವರಲ್ಲಿ ಹಿಂದೂಗಳೂ ಇದ್ದಾರೆ. 680ರ ಕರ್ಬಲಾದ ದುಃಖವನ್ನು ರಿವಾಯತ್ ಪದಗಳು ಕನ್ನಡದಲ್ಲೇ ಹಾಡುತ್ತವೆ.