ದ್ರಾಕ್ಷಾಬೀಜಕೀಟದ ನಾಮವಿಚಾರ

ಅಮೆರಿಕ ಸಂಯುಕ್ತಸಂಸ್ಥಾನದ ಅರಿಜೋನಾ ಪ್ರಾಂತದಲ್ಲಿ ಮಳೆ ಅತಿವಿರಳವಾದ ಸೀಮೆಗಳುಂಟು. ಅಲ್ಲಿಯ ಕಣಿವೆಗಳ ತೊರೆಯ ದಡದಲ್ಲಿ ಹಬ್ಬುವ ಕಾಡುದ್ರಾಕ್ಷಿಯ ಬೀಜವನ್ನು ತಿಂದು ಬೆಳೆಯುವ ಸಣ್ಣ ದುಂಬಿಯೊಂದಕ್ಕೆ ‘ಆಂಬ್ಲಿಸೆರಸ್ ವೀಟಿಸ್’ ಎಂದು ಹೆಸರು. ಕಾಳುಹುಳುಗಳ ವರ್ಗದಲ್ಲಿ ಬಹುಭಾಗವು ಅವರೆ, ಬಟಾಣಿಗಳ ಕುಲದ ಬೀಜಗಳನ್ನೇ ಆಶ್ರಯಿಸಿರುವುದರಿಂದ ಇದನ್ನು ಅಪವಾದವೆಂದೇ ಎಣಿಸಬೇಕು.

ಬಳ್ಳಿಗೆ ‘ವೀಟಿಸ್ ಅರಿಜೋನಿಕಾ’ ಎಂಬ ಹೆಸರನ್ನು 1868ರಲ್ಲಿ ಸೇಂಟ್ ಲೂಯಿಸ್ ನಗರದ ವೈದ್ಯರಾದ ಜಾರ್ಜ್ ಎಂಗೆಲ್‌ಮನ್ನರು ಕೊಟ್ಟರು. ಕೀಟವನ್ನು 1907ರಲ್ಲಿ ವರ್ಣಿಸಿದವರು ಬ್ರೂಕ್ಲಿನ್ ವಸ್ತುಸಂಗ್ರಹಾಲಯದ ಚಾರ್ಲ್ಸ್ ಶೇಫರರು. ‘ಆಂಬ್ಲಿಸೆರಸ್’ ಎಂಬುದು ಗ್ರೀಕ್ ಸಮಾಸ. ಕುಂಠಶೃಂಗವೆಂದು ಅದರ ಅರ್ಥ. ‘ವೀಟಿಸ್’ ಎಂಬ ಲ್ಯಾಟಿನ್ ಶಬ್ದಕ್ಕೆ ಪ್ರಥಮಾ ಷಷ್ಠಿಗಳ ಏಕವಚನದಲ್ಲಿ ಒಂದೇ ರೂಪವಿರುವುದು. ಬಳ್ಳಿಯ ಹೆಸರಿನಲ್ಲಿ ಅದು ಪ್ರಥಮೆ, ಕೀಟದ ಹೆಸರಿನಲ್ಲಿ ಷಷ್ಠಿ: ‘ದ್ರಾಕ್ಷಿಯ’ ದುಂಬಿ. ಇದನ್ನರಿಯದೆ ಓದಿದವರಿಗೆ ಕೀಟವೇ ದ್ರಾಕ್ಷಿಯಾದೀತು!

ಇಂತಹ ಆಹಾರವಾಚಕ ನಾಮವು ದೇಶವಾಚಕಕ್ಕಿಂತ ಹೆಚ್ಚು ನಂಬತಕ್ಕದ್ದೆಂದು ನಮ್ಮ ಅಭಿಪ್ರಾಯ. ನಮ್ಮ ನಾಡಿನ ಹುರುಳಿ, ಹೆಸರುಗಳನ್ನು ಕೆಡಿಸುವ ಹುಳುವಿಗೆ ಲಿನೇಯಸ್ ಪಂಡಿತನು 1758ರಲ್ಲಿ ‘ಚೈನೆನ್ಸಿಸ್’, ಎಂದರೆ ಚೀನದ್ದು, ಎಂದು ಹೆಸರಿಟ್ಟನು. ಅದು ಚೀನಕ್ಕೆ ಮಾತ್ರ ಸೇರಿದುದಲ್ಲವೆಂಬುದನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಅದೇ ವರ್ಷ ಅವನು ಬಟಾಣಿಯ ಹುಳುವನ್ನು ‘ಪೈಸೋರಮ್’ ಎಂದನು. ‘ಬಟಾಣಿಗಳ’ ಎಂದು ಷಷ್ಠೀ ಬಹುವಚನ. ಅದರ ನೆಲೆ ಉತ್ತರ ಅಮೆರಿಕವೆಂದು ಬರೆದುದು ನಿಲ್ಲಲಿಲ್ಲ. ಬಟಾಣಿಯೇ ಅಲ್ಲಿಗೆ ಯೂರೋಪಿನವರೊಡನೆ ಹೋದ ಬೆಳೆ. ಷಷ್ಠಿಯು ಮಾತ್ರ ಇಂದಿಗೂ ನಿಂತಿದೆ.

ಆದರೆ ಎಲೆಯ ಮೇಲೆ ಕುಳಿತ ದುಂಬಿಯನ್ನು ಹಿಡಿದಮಾತ್ರಕ್ಕೆ ಆ ಗಿಡವೇ ಅದರ ಆಹಾರವೆನ್ನಲಾಗದು. ಬೀಜವನ್ನು ಮುಚ್ಚಿಟ್ಟು ಅದರಿಂದ ದುಂಬಿ ಹೊರಬರುವುದನ್ನು ಕಾಣುವುದೇ ಪ್ರಮಾಣ. ಲಿನೇಯಸನ ಶಿಷ್ಯ ಪೇರ್ ಕಾಲ್ಮನಿಗೆ ಇದು ಅಯಾಚಿತವಾಗಿ ಒದಗಿತು. ಅವನು ಅಮೆರಿಕದಿಂದ ತಂದ ಬಟಾಣಿಯ ಪೊಟ್ಟಣವನ್ನು 1751ರಲ್ಲಿ ಸ್ವೀಡನ್ನಿನಲ್ಲಿ ಬಿಚ್ಚಲು, ಟೊಳ್ಳಾದ ಕಾಳುಗಳಿಂದ ಹುಳುಗಳು ಇಣಿಕಿದವು. ಇವು ತನ್ನ ದೇಶದ ಹೊಲಗಳಿಗೆ ಹರಡಿಯಾವೆಂದು ಬೆದರಿ ಅವನು ಪೊಟ್ಟಣವನ್ನು ಒಡನೆಯೇ ಮುಚ್ಚಿದನು.

ಅವನಿಗೆ ಆಕಸ್ಮಿಕವಾಗಿದ್ದುದನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕ್ರಮವಾದ ವಿಧಾನವಾಗಿ ನಡೆಸಿದವರಲ್ಲಿ ಅರಿಜೋನಾದ ಕ್ಲಾರೆನ್ಸ್ ಡ್ಯಾನ್ ಜಾನ್ಸನ್ನರು ಮುಖ್ಯರು. ಅವರು ಕಾಡುಬೀಜಗಳನ್ನು ರಾಶಿರಾಶಿಯಾಗಿ ಕೂಡಿಹಾಕಿ, ಯಾವ ಬೀಜದಿಂದ ಯಾವ ದುಂಬಿ ಹೊರಟಿತೆಂದು ಬರೆದಿಟ್ಟರು.